ಒಂದು ಹಲಸಿನ ಹಲಗೆಯಿಂದ ನಾಲ್ಕು ಮನೆಗೆ ಉಡುಗೊರೆ: ಬಡಿಸುವ ಹಲಗೆ ಮಾಡುವ ಬಗೆ

ಬಡಿಸುವ ಹಲಗೆ ಮರಗೆಲಸದಲ್ಲಿ ತೀರಾ ಸುಲಭದ್ದು ಎಂದೇ ಎಲ್ಲರ ಲೆಕ್ಕ. ಜೋಡಣೆ ಇಲ್ಲ, ಮೊಳೆ ಇಲ್ಲ, ತಿರುಪು ಇಲ್ಲ. ಒಂದು ತುಂಡು ಮರ, ಅದಕ್ಕೊಂದು ಹಿಡಿ. ಆದರೂ ಪ್ರೀತಿಯಿಂದ ಮಾಡಿ ಕೊಟ್ಟ ಹಲಗೆಗಳಲ್ಲಿ ಎಷ್ಟೋ ಮೂರು ತಿಂಗಳೊಳಗೆ ದೋಣಿಯಂತೆ ಬಾಗಿ, ಮೇಜಿನ ಮೇಲಿಟ್ಟರೆ ಕಟಕಟ ಅನ್ನುತ್ತವೆ. ಕೊನೆಗೆ ಗ್ಯಾಸ್ ಸಿಲಿಂಡರ್ ಹಿಂದೆ ಸೇರುತ್ತವೆ. ಇದಕ್ಕೆ ಹೆಚ್ಚಿನ ಸಲ ಕಾರಣ ಒಂದೇ: ಮರ ಪೂರ್ತಿ ಒಣಗಿರಲಿಲ್ಲ. ಕತ್ತರಿಸುವುದು, ಉಜ್ಜುವುದು, ಎಣ್ಣೆ ಹಚ್ಚುವುದು ಸೇರಿ ವಾರ ಹತ್ತು ದಿನದ ಕೆಲಸ. ಮರ ಆರಿಸಿ ಒಣಗಿಸುವುದಕ್ಕೆ ತಿಂಗಳುಗಳು ಬೇಕು. ದೀಪಾವಳಿಗೆ ಕೊಡಬೇಕೆಂದಿದ್ದರೆ ಮರವನ್ನು ಶಿವರಾತ್ರಿ ಹೊತ್ತಿಗೇ ತಂದಿಡಿ. ಬೇಸಿಗೆ ಪೂರಾ ಒಣಗಲಿ, ಕೊರೆಯುವ ಕೆಲಸ ಮಳೆ ಹಿಡಿಯುವ ಮೊದಲು ಮುಗಿಯಲಿ.

ಇಲ್ಲಿ ಕೊಟ್ಟಿರುವ ಅಳತೆ ನಾಲ್ಕು ಹಲಗೆಗೆ. ಒಂದೊಂದೂ ಹಿಡಿ ಸೇರಿ 18 ಇಂಚು ಉದ್ದ, 8 ಇಂಚು ಅಗಲ, 20 ಮಿ.ಮೀ. ದಪ್ಪ. ಹಲಸಿನಲ್ಲಿ ಮಾಡಿದರೆ ತೂಕ ಸುಮಾರು 900 ಗ್ರಾಂ ಬರುತ್ತದೆ, ವಯಸ್ಸಾದವರೂ ಒಂದು ಕೈಯಲ್ಲಿ ಎತ್ತಬಹುದು. ಒಂದೇ ಉದ್ದ ಹಲಗೆಯಿಂದ ನಾಲ್ಕನ್ನೂ ಕೊಯ್ದರೆ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹರಿದುಕೊಂಡು ಹೋಗುತ್ತವೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಹಬ್ಬಕ್ಕೆ ಸೇರಿದಾಗ ಸಾಲಾಗಿ ಇಟ್ಟರೆ ಒಂದೇ ಮರ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಯಾವ ಮರ

ಮೊದಲ ಆಯ್ಕೆ ಹಲಸು. ಮಲೆನಾಡು, ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತದೆ, ಉಳಿಗೆ ಬಗ್ಗುತ್ತದೆ, ಒಣಗಿದ ಮೇಲೆ ಅಷ್ಟಾಗಿ ಅಲುಗಾಡುವುದಿಲ್ಲ, ತಿಂಡಿಗೆ ವಾಸನೆ ಹಿಡಿಸುವುದಿಲ್ಲ. ವೀಣೆಗೂ ಮೃದಂಗಕ್ಕೂ ಇದೇ ಮರ ಬಳಸುತ್ತಾರೆ. ಕೊಯ್ದಾಗ ಅರಿಸಿನದಂತೆ ಹಳದಿ ಇರುತ್ತದೆ; ಗಾಳಿ ಬೆಳಕು ತಾಗುತ್ತ ಒಂದೆರಡು ವರ್ಷದಲ್ಲಿ ಜೇನಿನ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಚೇಗಿನ ಭಾಗ, ಅಂದರೆ ಒಳಗಿನ ಗಟ್ಟಿ ಮರ, ಮಾತ್ರ ತೆಗೆದುಕೊಳ್ಳಿ. ಹೊರಸುತ್ತಿನ ಬಿಳಿ ಭಾಗಕ್ಕೆ ಮರ ಕೊರೆಯುವ ಕುಟ್ಟೆ ಹುಳು ಹಿಡಿಯುವುದು ಖಚಿತ, ಇವತ್ತಲ್ಲದಿದ್ದರೆ ನಾಳೆ.

ಹೆಬ್ಬಲಸು, ತೇಗ ಎರಡೂ ಒಳ್ಳೆಯವು. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಉಳಿಯ ಮೊನೆ ಬೇಗ ಮೊಂಡಾಗುತ್ತದೆ, ಅಷ್ಟೇ. ಮಾವು ಅಗ್ಗ, ನೋಡಲು ಚೆಂದ, ಆದರೆ ಕುಟ್ಟೆಗೂ ಬೂಸ್ಟಿಗೂ ಬಲು ಬೇಗ ಬಲಿಯಾಗುತ್ತದೆ. ಬೀಟೆಯ ಸೊಗಸಿಗೆ ಮರುಳಾಗುವವರು ಒಂದು ಮಾತು ನೆನಪಿಡಿ: ಆ ಇಡೀ ಕುಲ 2017ರಿಂದ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಹೊರದೇಶಕ್ಕೆ ಕಳಿಸುವ ಉಡುಗೊರೆಗೆ ತಕ್ಕದ್ದಲ್ಲ. ಯಾವ ಮರವಾದರೂ ಸಾಮಿಲ್‌ನಲ್ಲಿ ಬಿಲ್ ಕೇಳಿ ತೆಗೆದುಕೊಳ್ಳಿ. ಸ್ವಂತ ಹಿತ್ತಲಿನ ಮರ ಕಡಿಸುವುದಿದ್ದರೂ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಬೇಡದವು: ಹೊನ್ನೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗ್ಗೆ ಬಣ್ಣ ಬಿಟ್ಟಿರುವುದನ್ನು ನೋಡಿದ್ದೀರಲ್ಲ, ಹಲಗೆಯ ಮೇಲೆ ಹೆಚ್ಚಿದ ಕಲ್ಲಂಗಡಿ ಇಟ್ಟರೂ ಅದೇ ಆಗುತ್ತದೆ. ಕಾಸರಕ ವಿಷದ ಮರ. ಹೊಲಗೇರಿನ ಸೊನೆ ಮೈಮೇಲೆ ಬೊಕ್ಕೆ ಎಬ್ಬಿಸುತ್ತದೆ. ಬೇವು ಕಹಿ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ತಿನ್ನುವ ವಸ್ತು ಇಡಲು ಅಲ್ಲ. ಹೊರದೇಶದ ಸಾಮಾನು ಬಂದ ಪ್ಯಾಕಿಂಗ್ ಮರ ಪುಕ್ಕಟೆ ಸಿಗುತ್ತದೆಂದು ಆಸೆಪಡಬೇಡಿ. ಅದರ ಮೇಲೆ ‘ಎಂಬಿ’ ಎಂಬ ಅಚ್ಚಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟ ಮರ ಎಂದರ್ಥ.

ಹಳೆ ಮನೆಯ ಮರ ಸಿಕ್ಕರೆ

ಕುಟುಂಬದ ಉಡುಗೊರೆಗೆ ಇದರಷ್ಟು ಒಪ್ಪುವ ಮರ ಬೇರಿಲ್ಲ. ಅಜ್ಜನ ಮನೆ ಕೆಡವಿದಾಗ ಬಂದ ತೊಲೆ, ಬಾಗಿಲ ಹಲಗೆ, ಅಟ್ಟದ ಹಾಸು ದಶಕಗಟ್ಟಲೆ ಒಣಗಿರುತ್ತವೆ. ಅರ್ಧ ಕೆಲಸ ಕಾಲವೇ ಮಾಡಿ ಮುಗಿಸಿದೆ. ಆದರೆ ಮೂರು ಪರೀಕ್ಷೆ ಆಗಲೇಬೇಕು.

ಮೊದಲನೆಯದು ಮೊಳೆ. ಸ್ಪೀಕರ್‌ನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಬೆರಳಗಲ ಬಿಟ್ಟು ಆಡಿಸಿ, ಎಳೆದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ತಲೆ ಮುರಿದು ಒಳಗೇ ಉಳಿದ ಒಂದು ಮೊಳೆ ಸಾಕು, ಪ್ಲೇನಿಂಗ್ ಮೆಷಿನ್ನಿನ ಅಲಗು ಹಾಳಾಗುತ್ತದೆ, ಮಿಲ್ಲಿನವರು ಇನ್ನೊಮ್ಮೆ ನಿಮ್ಮ ಮರ ಮುಟ್ಟುವುದಿಲ್ಲ.

ಎರಡನೆಯದು ಬಣ್ಣ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದನ್ನು ಉಪ್ಪುಕಾಗದದಿಂದ ಉಜ್ಜಿ ಪುಡಿ ಎಬ್ಬಿಸಬೇಡಿ. ಬಣ್ಣದ ಪದರವನ್ನು ಹತ್ತರಿಯಿಂದ ಸಿಪ್ಪೆಯಾಗಿ ಎಬ್ಬಿಸಿ ತೆಗೆದು, ಕಸಕ್ಕೆ ಕಟ್ಟಿ ಹಾಕಿ. ಒಲೆಗೆ ಹಾಕಕೂಡದು.

ಮೂರನೆಯದು ಕರಾವಳಿಯವರಿಗೆ ಗೊತ್ತಿರುವುದು: ಗೆದ್ದಲು ಬಾರದಿರಲೆಂದು ತೊಲೆಗಳಿಗೆ ಹಚ್ಚುತ್ತಿದ್ದ ಗೇರುಸಿಪ್ಪೆಯ ಎಣ್ಣೆ. ಮರ ಕಪ್ಪಗೆ, ಡಾಂಬರು ಬಳಿದಂತೆ ಕಂಡರೆ ಅದೇ ಇರಬಹುದು. ಎಣ್ಣೆ ಒಳಗೆ ಎಷ್ಟು ಇಳಿದಿದೆ ಎಂದು ತಿಳಿಯಲು ತುದಿಯನ್ನು ಅಡ್ಡಕ್ಕೆ ಕೊಯ್ದು ನೋಡಿ. ಕಪ್ಪು ಅಂಚು ಮುಗಿದು ಮರದ ಸ್ವಂತ ಬಣ್ಣ ಶುರುವಾಗುವ ಕಡೆಯಿಂದ ಇನ್ನೂ 5 ಮಿ.ಮೀ. ಒಳಗಿನ ಮರ ಮಾತ್ರ ಬಳಸಿ. ಅಷ್ಟು ದಪ್ಪ ಉಳಿಯದಿದ್ದರೆ ಆ ತುಂಡಿನಲ್ಲಿ ಫೋಟೋ ಚೌಕಟ್ಟು ಮಾಡಿ, ಊಟದ ಹಲಗೆ ಬೇಡ.

ಹೊಸ ಮರ: ತುದಿ ನೋಡಿ ಕೊಳ್ಳಿ, ತೂಗಿ ಒಣಗಿಸಿ

ಸಾಮಿಲ್‌ನಲ್ಲಿ ಕೇಳಬೇಕಾದ ಅಳತೆ: 7 ಅಡಿ ಉದ್ದ, 9 ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಅರ್ಧ ಘನ ಅಡಿಗಿಂತ ತುಸು ಹೆಚ್ಚು, 0.55 ಆಗುತ್ತದೆ.

ಎಲ್ಲರೂ ಹಲಗೆಯ ಮುಖ ನೋಡಿ ಆರಿಸುತ್ತಾರೆ. ನೋಡಬೇಕಾದ್ದು ತುದಿ. ತುದಿಯಲ್ಲಿ ಕಾಣುವ ಉಂಗುರದ ಗೆರೆಗಳು ನಿಂತ ಕಡ್ಡಿಗಳ ಹಾಗೆ ಮೇಲಿಂದ ಕೆಳಕ್ಕೆ ಇದ್ದರೆ ಅಂಥ ಹಲಗೆ ಸಮವಾಗಿ ಉಳಿಯುತ್ತದೆ. ಬಿಲ್ಲು ಮಲಗಿಸಿದ ಹಾಗೆ ಅಡ್ಡಕ್ಕೆ ಬಾಗಿದ್ದರೆ ಇವತ್ತಲ್ಲ ನಾಳೆ ಹಲಗೆಯೂ ಬಾಗುತ್ತದೆ. ಮರ ಒಣಗುವಾಗ ಉಂಗುರದ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ನಡುವಿನಿಂದ ತೊಗಟೆಯ ಕಡೆಗಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಆ ಎಳೆದಾಟವೇ ಬಾಗಿಸುವುದು. ಹಲಸಿನಲ್ಲಿ ಈ ಗೆರೆ ಮಸುಕು. ತುದಿಯನ್ನು ಉಳಿಯಿಂದ ಎರಡು ಬೆರಳಗಲ ಕೀಸಿ, ಒದ್ದೆ ಬೆರಳು ಸವರಿದರೆ ಎದ್ದು ಕಾಣುತ್ತದೆ. ಮರದ ನಟ್ಟನಡುವಿನ ತಿರುಳು ಸೇರಿರುವ ಹಲಗೆಯನ್ನಂತೂ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ, ಅದು ಸೀಳೇ ಸೀಳುತ್ತದೆ.

ತಂದ ಹಲಗೆಯ ಎರಡು ತುದಿಯಲ್ಲೂ ಮೂರು ಮೂರು ಇಂಚು ಕೊಯ್ದು ಬಿಸಾಡಿ. ಕೂದಲೆಳೆಯಂಥ ಬಿರುಕುಗಳು ಅಲ್ಲೇ ಅಡಗಿರುತ್ತವೆ. ಉಳಿದದ್ದನ್ನು 19 ಇಂಚಿನ ನಾಲ್ಕು ತುಂಡು ಮಾಡಿ, 1, 2, 3, 4 ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಕೊಯ್ದ ತುದಿಗಳಿಗೆ ಕರಗಿಸಿದ ಮೇಣ ಇಲ್ಲವೇ ಯಾವುದಾದರೂ ಉಳಿದ ಪೇಂಟ್ ಬಳಿಯಿರಿ. ನೀರು ತುದಿಯಿಂದ ಬೇಗ, ಮುಖದಿಂದ ನಿಧಾನ ಹೊರಡುತ್ತದೆ. ತಡೆಯದಿದ್ದರೆ ತುದಿ ಮೊದಲು ಕುಗ್ಗಿ ಬಿರಿಯುತ್ತದೆ. ಒಂದರ ಮೇಲೊಂದು ಇಡುವಾಗ ನಡುವೆ ಒಂದೇ ದಪ್ಪದ ಪಟ್ಟಿಗಳನ್ನು ಕೊಟ್ಟು, ಗಾಳಿಯಾಡುವ ನೆರಳಲ್ಲಿಡಿ. ತಾರಸಿಯ ಬಿಸಿಲು ಬೇಡ.

ಒಣಗಲು ಪ್ರತಿ ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಸಿ ಮರದ ಲೆಕ್ಕ. ಮಿಲ್ಲಿನಲ್ಲಿ ಆಗಲೇ ಒಂದಷ್ಟು ಕಾಲ ಬಿದ್ದಿದ್ದ ಮರ ಬೇಸಿಗೆಯ ಎರಡು ಮೂರು ತಿಂಗಳಲ್ಲಿ ಹದಕ್ಕೆ ಬರಬಹುದು. ತಿಳಿಯುವುದು ಹೇಗೆ? ಅಡುಗೆಮನೆಯ ತಕ್ಕಡಿ ಸಾಕು. ಒಂದೊಂದು ತುಂಡೂ ಸುಮಾರು ಎರಡು ಕೆ.ಜಿ. ಇರುತ್ತದೆ. ವಾರಕ್ಕೊಮ್ಮೆ ತೂಗಿ, ತುಂಡಿನ ಮೇಲೇ ತಾರೀಖು, ತೂಕ ಬರೆಯುತ್ತ ಹೋಗಿ. ಮೊದಲು ವಾರಕ್ಕೆ 40–50 ಗ್ರಾಂ ಇಳಿಯಬಹುದು. ಸತತ ಮೂರು ವಾರ ವ್ಯತ್ಯಾಸ 10 ಗ್ರಾಂ ಒಳಗೆ ಇದ್ದರೆ ಮರ ಸಿದ್ಧ. ತೇವಾಂಶದ ಮೀಟರ್ ಇದ್ದವರು 10ರಿಂದ 12 ಶೇಕಡ ನೋಡಿ ಕೈಹಾಕಿ. ಮಂಗಳೂರಿನ ಮಳೆಗಾಲದಲ್ಲಿ ಆ ಅಂಕಿ ಎಂದೂ ಬರುವುದಿಲ್ಲ. ಅಲ್ಲಿ ಆಗಸ್ಟ್‌ನಲ್ಲಿ ಮಾಡಿದ ಹಲಗೆ ಬಳ್ಳಾರಿಯ ಏಪ್ರಿಲ್ ಕಂಡರೆ ಕುಗ್ಗದೆ ಏನು ಮಾಡೀತು?

ಮಟ್ಟ ಮಾಡುವುದು

ಹತ್ತಿರದ ಬಡಗಿ ಶೆಡ್ಡಿನಲ್ಲಿ ಪ್ಲೇನಿಂಗ್ ಮೆಷಿನ್ ಇದ್ದರೆ ಅಲ್ಲಿ ಮಾಡಿಸಿ, ನಾಲ್ಕು ತುಂಡಿಗೆ ಅರ್ಧ ತಾಸಿನ ಕೆಲಸ. ಆದರೆ ಎರಡು ಕಂತಿನಲ್ಲಿ ಮಾಡಿಸಿ. ಮೊದಲು 32 ಮಿ.ಮೀ. ಮರವನ್ನು 24ಕ್ಕೆ ಇಳಿಸಿ, ಎರಡೂ ಮುಖದಿಂದ ಸಮಸಮ ತೆಗೆದು. ಹೊರಪದರ ಹೋದಾಗ ಒಳಗೆ ಬಿಗಿದುಕೊಂಡಿದ್ದ ಮರ ಸಡಿಲವಾಗಿ ತುಸು ತಿರುಚಿಕೊಳ್ಳುತ್ತದೆ. ಅದಕ್ಕೆ ಒಂದು ವಾರ ಬಿಡಿ. ಆಮೇಲೆ 20–21 ಮಿ.ಮೀ.ಗೆ ಇಳಿಸಿ. ಒಂದೇ ಮುಖದಿಂದ ಪೂರ್ತಿ ತೆಗೆದರೆ ಸಂಜೆ ಮನೆಗೆ ತರುವಷ್ಟರಲ್ಲಿ ಬಾಗಿರುತ್ತದೆ.

ಕೈ ಹತ್ತರಿಯಲ್ಲೇ ಮಾಡುವವರು ತುಂಡಿನ ಎರಡು ತುದಿಯ ಮೇಲೆ ಒಂದೇ ಎತ್ತರದ ಎರಡು ನೇರ ಪಟ್ಟಿ ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿ. ಎರಡು ಪಟ್ಟಿಯ ಮೇಲಂಚು ಒಂದರ ಮೇಲೊಂದು ಕೂಡದೆ ಕತ್ತರಿಯಂತೆ ಕಂಡರೆ ಮರ ತಿರುಚಿದೆ. ಎತ್ತರ ಇರುವ ಎರಡು ಎದುರುಮೂಲೆಗಳನ್ನು ಮಾತ್ರ ಕೀಸಬೇಕು. ಹತ್ತರಿ ಓಡುವಾಗ ಮರ ಕಿತ್ತು ಬರುತ್ತಿದ್ದರೆ ನಾರಿಗೆ ಎದುರಾಗಿ ಹೋಗುತ್ತಿದ್ದೀರಿ. ತುಂಡನ್ನು ತಿರುಗಿಸಿ ಇಡಿ. ಹಲಸಿನಲ್ಲಿ ನಾರು ಒಂದೇ ಹಲಗೆಯಲ್ಲಿ ಪಟ್ಟಿ ಪಟ್ಟಿಯಾಗಿ ದಿಕ್ಕು ಬದಲಿಸುವುದೂ ಉಂಟು. ಅಂಥ ಕಡೆ ಅಲಗನ್ನು ಕೂದಲೆಳೆಯಷ್ಟು ಮಾತ್ರ ಹೊರಗಿಟ್ಟು ಓರೆಯಾಗಿ ಓಡಿಸಿ.

ಆಕಾರ, ಹಿಡಿ, ತೂತು

ರಟ್ಟಿನಲ್ಲಿ ಮಾದರಿ ಕತ್ತರಿಸಿಕೊಳ್ಳಿ. ಹಲಗೆಯ ಮೈ 13 ಇಂಚು, ಹಿಡಿ 5 ಇಂಚು. ಹಿಡಿಯ ಅಗಲ 2 ಇಂಚು. ಮರದ ನಾರು ಹಿಡಿಯ ಉದ್ದಕ್ಕೇ ಹರಿಯಬೇಕು, ಅಡ್ಡ ಹೋದರೆ ಮೊದಲ ಸಲ ಬಿದ್ದಾಗಲೇ ಹಿಡಿ ಲಟಕ್ಕನೆ ಮುರಿಯುತ್ತದೆ. ಹಿಡಿ ಮೈಗೆ ಸೇರುವ ಒಳಮೂಲೆಯನ್ನು ಕಡೇಪಕ್ಷ 25 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಿ. ಚೂಪು ಮೂಲೆ ಬಿಟ್ಟರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಅಳತೆ ಗೊತ್ತಾಗದಿದ್ದರೆ ಕಾಫಿ ಲೋಟ ಕವುಚಿಟ್ಟು ಗೆರೆ ಎಳೆಯಿರಿ.

ಕತ್ತರಿಸುವ ಮೊದಲು ತೂತು ಕೊರೆಯಿರಿ, ತುಂಡು ಚೌಕವಾಗಿದ್ದಾಗ ಕ್ಲಾಂಪಿಗೆ ಸಿಕ್ಕಿಸುವುದು ಸುಲಭ. 20 ಮಿ.ಮೀ. ಚಪ್ಪಟೆ ಬಿಟ್ ಹಾಕಿ. ತೂತಿನ ನಡು ಹಿಡಿಯ ತುದಿಯಿಂದ 30 ಮಿ.ಮೀ. ಒಳಗಿರಲಿ. ಬಿಟ್ಟಿನ ಮೊನೆ ಹಿಂದೆ ಕಂಡ ತಕ್ಷಣ ನಿಲ್ಲಿಸಿ, ತಿರುಗಿಸಿ, ಹಿಂದಿನಿಂದ ಮುಗಿಸಿ. ಒಂದೇ ಕಡೆಯಿಂದ ಕೊರೆದರೆ ಆಚೆ ಮುಖದಲ್ಲಿ ಮರ ಸಿಡಿದು ಬರುತ್ತದೆ.

ಆಕಾರ ಕೊಯ್ಯುವ ಕರೆಂಟಿನ ಗರಗಸ ಜಿಗ್‌ಸಾದ ಬ್ಲೇಡ್ ಮೇಲೆಳೆಯುವಾಗ ಕೊಯ್ಯುವುದರಿಂದ ಚಿಂದಿ ಏಳುವುದು ಮೇಲ್ಮುಖದಲ್ಲಿ. ಹಾಗಾಗಿ ಚೆಂದದ ಮುಖ ಕೆಳಗಿರಲಿ. ಗೆರೆಯಿಂದ 2 ಮಿ.ಮೀ. ಹೊರಗೇ ಕೊಯ್ಯಿರಿ, ತಿರುವಿನಲ್ಲಿ ಅವಸರ ಮಾಡಿದರೆ ಬ್ಲೇಡ್ ಬಾಗಿ, ಮೇಲೆ ಗೆರೆಯ ಮೇಲಿದ್ದದ್ದು ಕೆಳಗೆ ಒಳಗೆ ಹೋಗಿರುತ್ತದೆ. ಉಳಿದ ಆ 2 ಮಿ.ಮೀ. ಅರದಿಂದ ಉಜ್ಜಿ ತೆಗೆಯಿರಿ. ಹಿಡಿಯ ಅಕ್ಕಪಕ್ಕ ಕೊಯ್ದ ತುಂಡುಗಳನ್ನು ಬಿಸಾಡಬೇಡಿ, ಮುಂದೆ ಅಕ್ಷರಕ್ಕೂ ಎಣ್ಣೆಗೂ ಪ್ರಯೋಗ ಅವುಗಳ ಮೇಲೇ.

ಮೇಲಂಚನ್ನು 3 ಮಿ.ಮೀ. ದುಂಡಗೆ ಮಾಡಿದರೆ ಸಾಕು. ಕೆಳಗಿನ ಅಂಚನ್ನು ಸುತ್ತಲೂ 6 ಮಿ.ಮೀ. ಓರೆ ಕೀಸಿ. ಮೇಜಿನ ಮೇಲೆ ಚಪ್ಪಟೆಯಾಗಿ ಕೂತ ಹಲಗೆಯನ್ನು ಎತ್ತಲು ಬೆರಳು ತೂರುವುದು ಅಲ್ಲೇ.

ಉಜ್ಜುವುದು

ಉಪ್ಪುಕಾಗದ ಒರಟಿನಿಂದ ನಯದ ಕಡೆಗೆ: ನಂಬರು 80, 120, 180, 220. ಪ್ರತಿ ಹಂತದ ಮೊದಲು ಮುಖದ ತುಂಬ ಪೆನ್ಸಿಲ್‌ನಲ್ಲಿ ಗೀಚಿ. ಗೀಚು ಪೂರ್ತಿ ಹೋಗುವವರೆಗೂ ಉಜ್ಜಿ, ಯಾವಾಗಲೂ ನಾರಿನ ದಿಕ್ಕಿನಲ್ಲೇ. 80ರಿಂದ ನೇರ 180ಕ್ಕೆ ಹಾರಿದರೆ ಒಣ ಮರದಲ್ಲಿ ಏನೂ ಕಾಣದು, ಎಣ್ಣೆ ಬಿದ್ದ ಮರುಕ್ಷಣ ಉಗುರಿನಿಂದ ಪರಚಿದಂಥ ಗೆರೆಗಳೆಲ್ಲ ಎದ್ದು ನಿಲ್ಲುತ್ತವೆ. ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಮಲಗಿಸಿ ಹಿಡಿದರೆ ಮೊದಲೇ ಸಿಕ್ಕಿಬೀಳುತ್ತವೆ. ಮಾಸ್ಕ್ ಹಾಕಿಕೊಂಡೇ ಉಜ್ಜಿ. ಮರದ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ.

ಬಹಳ ಜನ ಬಿಡುವ ಹಂತ ಇನ್ನು ಬರುವುದು. 220 ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಹಲಗೆಯ ಎಲ್ಲ ಕಡೆ ಒರೆಸಿ, ರಾತ್ರಿಯಿಡೀ ನಿಲ್ಲಿಸಿಡಿ. ಬೆಳಗ್ಗೆ ಕೈಯಾಡಿಸಿದರೆ ಎಳೆಗಡ್ಡದ ಹಾಗೆ ತರಕಲಾಗಿರುತ್ತದೆ. ಮಲಗಿದ್ದ ನಾರು ನೀರು ಕುಡಿದು ಎದ್ದು ನಿಂತದ್ದು ಅದು. 220ರಲ್ಲಿ ಭಾರ ಹಾಕದೆ ಸವರಿ ತೆಗೆಯಿರಿ. ಇನ್ನೊಮ್ಮೆ ಒದ್ದೆ ಮಾಡಿ, ಇನ್ನೊಮ್ಮೆ ಸವರಿ. ಇದನ್ನು ನೀವು ಮಾಡದಿದ್ದರೆ ಚಿಕ್ಕಮ್ಮನ ಮನೆಯಲ್ಲಿ ಮೊದಲ ಸಲ ತೊಳೆದಾಗ ಆಗುತ್ತದೆ.

ಹೆಸರು ಬರೆಯುವುದಿದ್ದರೆ

ಮರ ಸುಡುವ ಪೆನ್ನಿನಿಂದ, ಎಣ್ಣೆ ಹಚ್ಚುವ ಮೊದಲು, ಕೆಳಮುಖದಲ್ಲಿ. ಕನ್ನಡ ಅಕ್ಷರಕ್ಕೆ ಜಾಗದ ಲೆಕ್ಕ ಬೇರೆ. ‘ಚಿಕ್ಕಮ್ಮ’ ಎಂದು ಬರೆಯಲು ಮೂಲ ಅಕ್ಷರ 15 ಮಿ.ಮೀ. ಎತ್ತರವಿದ್ದರೆ ಒತ್ತಕ್ಷರಗಳಿಗೆ ಕೆಳಗೆ ಇನ್ನೂ 8–10 ಮಿ.ಮೀ., ಮೇಲೆ ಗುಡಿಸಿಗೆ 5 ಮಿ.ಮೀ. ಬೇಕು. ಇದಕ್ಕಿಂತ ಸಣ್ಣದಾದರೆ ಒತ್ತಿನ ಸುಳಿಗಳು ಕರಿ ಚುಕ್ಕೆಯಾಗಿ ತುಂಬಿಕೊಳ್ಳುತ್ತವೆ. ಮುದ್ರಿಸಿದ ಹಾಳೆಯ ಕೆಳಗೆ ಕಾರ್ಬನ್ ಪೇಪರ್ ಇಟ್ಟು ತಿದ್ದಿ. ಸುಡುವಾಗ ಮರದ ಗಟ್ಟಿ ಗೆರೆ ಬಂದಲ್ಲಿ ಪೆನ್ನು ತಡೆದು, ಮೆತ್ತನೆ ಕಡೆ ಜಾರುತ್ತದೆ. ಒತ್ತಿದಷ್ಟೂ ಈ ಕುಂಟು ಹೆಚ್ಚು, ಹಾಗಾಗಿ ಹಗುರವಾಗಿ ಎರಡು ಸಲ ಹೋಗಿ. ಉಳಿಯಲ್ಲಿ ಕೆತ್ತುವ ಹಟ ಇದ್ದವರು ‘ಅ’, ‘ಠ’ದಂಥ ಅಕ್ಷರಗಳ ಹೊಟ್ಟೆಯೊಳಗಿನ ಸಣ್ಣ ದ್ವೀಪ ಚಿಮ್ಮಿ ಹೋಗದಂತೆ ನಾರಿಗೆ ಅಡ್ಡ ಬರುವ ಗೆರೆಗಳನ್ನು ಮೊದಲು ಕಡಿದುಕೊಳ್ಳಬೇಕು. ಪೆನ್ನು, ಮಾರ್ಕರ್ ಬೇಡ. ಎಣ್ಣೆಯಲ್ಲಿ ಶಾಯಿ ಹರಡುತ್ತದೆ.

ಎಣ್ಣೆ, ಮೇಣ

ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಮನೆಯಲ್ಲಿದೆಯೆಂದು ಹಚ್ಚಬೇಡಿ. ಕೆಲವೇ ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ಬೇಯಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ, ಊಟದ ಹಲಗೆಗೆ ಸಲ್ಲದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದೂ ಉಂಟು. ಮೆಲಮೈನ್, ಪಿಯು ಪಾಲಿಶ್ ಕನ್ನಡಿಯಂತೆ ಹೊಳೆಯುತ್ತದೆ, ಚಾಕು ತಾಗಿದ ಕಡೆ ಹಾಳೆಯಾಗಿ ಎದ್ದು ಒಳಗೆ ನೀರು ಸೇರುತ್ತದೆ. ಚನ್ನಪಟ್ಟಣದ ಗೊಂಬೆಯ ಅರಗಿನ ಹೊಳಪು ಹಲಗೆಗೆ ಬರಲೆಂದು ಕೇಳುವವರಿದ್ದಾರೆ. ಅಲ್ಲಿ ಹಾಲೆ ಮರ ಚರಕಿಯಲ್ಲಿ ಗರಗರ ತಿರುಗುವಾಗ ಉಜ್ಜಿದ ಬಿಸಿಗೆ ಅರಗು ಕರಗಿ ಅಂಟುತ್ತದೆ. ಚಪ್ಪಟೆ ಹಲಗೆಯನ್ನು ಹಾಗೆ ತಿರುಗಿಸುವುದೆಲ್ಲಿ?

ಬೇಕಾದ್ದು ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್. ನೀರಿನಂತೆ ತಿಳಿಯಾದದ್ದು, ವಾಸನೆಯಿಲ್ಲದ್ದು. ಮಲಬದ್ಧತೆಗೆಂದು ಮಿಲ್ಕ್ ಆಫ್ ಮೆಗ್ನೀಷಿಯಾ ಬೆರೆಸಿದ ಹಾಲುಬಣ್ಣದ ಬಾಟಲಿ ಕೊಟ್ಟುಬಿಡುತ್ತಾರೆ, ಲೇಬಲ್ ಓದಿ. ನಾಲ್ಕು ಹಲಗೆಗೆ, ಮೇಣಕ್ಕೂ ಸೇರಿ, 700 ಮಿ.ಲೀ. ಇಟ್ಟುಕೊಳ್ಳಿ. ಮೊದಲ ಸಲ ಧಾರಾಳವಾಗಿ ಸುರಿದು, ಬಟ್ಟೆಯಿಂದ ಹರಡಿ, ಎರಡೂ ಮುಖ, ಅಂಚು, ತೂತಿನ ಒಳಗೋಡೆ ಎಲ್ಲಕ್ಕೂ ಹಚ್ಚಿ. ತುದಿಯ ಮುಖ ಸ್ಪಂಜಿನಂತೆ ಹೀರುತ್ತದೆ, ಕುಡಿಯುವಷ್ಟು ಕೊಡಿ. ರಾತ್ರಿ ಬಿಟ್ಟು, ಉಳಿದದ್ದನ್ನು ಒರೆಸಿ. ಹೀಗೆ ಮೂರು ನಾಲ್ಕು ದಿನ. ಮೇಲ್ಮುಖಕ್ಕೆ ಮಾತ್ರ ಹಚ್ಚಿ ಕೆಳಮುಖ ಬಿಟ್ಟರೆ ಒಂದು ಕಡೆ ತೇವ ಹೀರಿ ಇನ್ನೊಂದು ಕಡೆ ಹೀರದೆ, ಇಷ್ಟು ಹೊತ್ತು ತಪ್ಪಿಸಿದ ಬಾಗು ಮತ್ತೆ ಬರುತ್ತದೆ.

ಕೊನೆಗೆ ಮೇಣ: 50 ಗ್ರಾಂ ಜೇನುಮೇಣಕ್ಕೆ 200 ಗ್ರಾಂ ಅದೇ ಲಿಕ್ವಿಡ್ ಪ್ಯಾರಾಫಿನ್. ಕುದಿಯುವ ನೀರಿನ ಪಾತ್ರೆಯೊಳಗೆ ಸ್ಟೀಲ್ ಡಬ್ಬಿ ಇಟ್ಟು ಕರಗಿಸಿ. ಜೇನುಮೇಣ 62–65 ಡಿಗ್ರಿಗೆ ಕರಗುತ್ತದೆ, ನೇರ ಉರಿಯ ಮೇಲೆ ಇಡುವುದು ಬೆಂಕಿಗೆ ದಾರಿ. ಮೇಣವನ್ನು ಜೇನು ಸಾಕುವವರಿಂದಲೇ ಕೊಳ್ಳಿ. ಅಸಲಿ ಜೇನುಮೇಣವನ್ನು ಬೆರಳ ನಡುವೆ ನಾದಿದರೆ ಮೆತ್ತಗಾಗುತ್ತದೆ. ಮೇಣದಬತ್ತಿಯ ಮೇಣ ಬೆರೆತದ್ದು ಪುಡಿಯಾಗುತ್ತದೆ. ಆರಿದ ಮುಲಾಮನ್ನು ತೆಳ್ಳಗೆ ಸವರಿ, ಅರ್ಧ ತಾಸು ಬಿಟ್ಟು, ಹಳೆ ಹತ್ತಿ ಬಟ್ಟೆಯಿಂದ ಹೊಳಪು ಬರುವಂತೆ ತಿಕ್ಕಿ. ಮಿಕ್ಕದ್ದನ್ನು ನಾಲ್ಕು ಚಿಕ್ಕ ಡಬ್ಬಿಗೆ ಹಾಕಿ ಹಲಗೆಯ ಜೊತೆ ಕೊಡಿ.

ಕಟ್ಟಿ ಕೊಡುವಾಗ

ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬೂಸ್ಟು ಬರುತ್ತದೆ. ಹಳೆ ಪತ್ರಿಕೆಯಲ್ಲಿ ಸುತ್ತಿದರೆ ಹಸಿ ಮೇಣಕ್ಕೆ ಸುದ್ದಿಯೆಲ್ಲ ಅಂಟಿಕೊಳ್ಳುತ್ತದೆ. ಕಂದು ಕಾಗದ ಅಥವಾ ಹತ್ತಿ ಬಟ್ಟೆ ಸರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಒಯ್ಯುವವರು ವಿಮಾನ ನಿಲ್ದಾಣದಲ್ಲಿ ಮರದ ವಸ್ತುವೆಂದು ಬರೆದು ತೋರಿಸಲೇಬೇಕು; ತೊಗಟೆಯ ಚೂರು, ಕುಟ್ಟೆಯ ತೂತು ಇರಕೂಡದು.

ಜೊತೆಗೊಂದು ಚೀಟಿ ಇರಲಿ. ಸಿಂಕಿನಲ್ಲಿ ನೆನೆಹಾಕಬಾರದು. ತೊಳೆದ ಮೇಲೆ ಒರೆಸಿ ಗೋಡೆಗೆ ಒರಗಿಸಿ ನಿಲ್ಲಿಸಬೇಕು, ಒದ್ದೆ ಕಟ್ಟೆಯ ಮೇಲೆ ಮಲಗಿಸಬಾರದು. ಬಿಸಿ ದೋಸೆ ಇಡುವುದಾದರೆ ಕೆಳಗೊಂದು ಬಾಳೆಎಲೆ, ಇಲ್ಲದಿದ್ದರೆ ಹಬೆಗೆ ದೋಸೆಯೂ ಮೆತ್ತಗೆ, ಹಲಗೆಯೂ ಮಸುಕು. ಅರಿಸಿನದ ಕಲೆಗೆ ತಿಕ್ಕಾಡಬೇಡಿ, ಬೆಳಗಿನ ಎಳೆಬಿಸಿಲಲ್ಲಿ ಒಂದು ತಾಸು ಇಟ್ಟರೆ ಅರಿಸಿನದ ಬಣ್ಣ ಬೆಳಕಿಗೆ ತಾನೇ ಮಾಸುತ್ತದೆ. ಒದ್ದೆ ಕಬ್ಬಿಣದ ಬಾಣಲಿ ಇಟ್ಟು ಕಪ್ಪು ಕಲೆಯಾದರೆ ನಿಂಬೆಹೋಳು. ಹಲಗೆ ಒಣಗಿ ಬೆಳ್ಳಗೆ ಕಂಡಾಗ, ಮೊದಲ ವರ್ಷ ತಿಂಗಳಿಗೊಮ್ಮೆ, ಡಬ್ಬಿಯ ಮೇಣ ಸವರಬೇಕು.

ಇಷ್ಟಾದರೂ ಒಂದು ಬೇಸಿಗೆ ಕಳೆದು ಅವರ ಮನೆಗೆ ಹೋದಾಗ ಹಲಗೆಯನ್ನು ಕಟ್ಟೆಯ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ ನೋಡಿ. ಅಲುಗಿದರೆ ಗಾಬರಿ ಬೇಡ. ಗುಳಿಬಿದ್ದ ಮುಖವನ್ನು ಕೆಳಗೆ ಮಾಡಿ, ಹಿಂಡಿದ ಒದ್ದೆ ಬಟ್ಟೆಯ ಮೇಲೆ ರಾತ್ರಿ ಇಡಿ, ಮೇಲೆ ಒಂದೆರಡು ಪುಸ್ತಕ ಹೇರಿ. ಕುಗ್ಗಿದ ಕಡೆ ತೇವ ಕುಡಿದು ಹಿಗ್ಗುತ್ತದೆ, ಬೆಳಗ್ಗೆ ಹೊತ್ತಿಗೆ ಸಮಕ್ಕೆ ಬಂದಿರುತ್ತದೆ. ಎರಡು ದಿನ ನಿಲ್ಲಿಸಿ ಒಣಗಿಸಿ, ಎರಡೂ ಮುಖಕ್ಕೆ ಎಣ್ಣೆ ಹಚ್ಚಿ ಬನ್ನಿ.